ಅಳೆಯುತ್ತಲೇ ಆಂಡಿಸ್ ಹತ್ತಿದವನು

ನಾಲ್ಕನೇ ಸೆಮಿಸ್ಟರ್‌ನ ಸರ್ವೆ ಕ್ಯಾಂಪ್‌ನಲ್ಲಿ ನನ್ನ ಕೆಲಸ ಸ್ಟಾಫ್ ಹಿಡಿಯುವುದು. ಸಿವಿಲ್ ಓದದವರಿಗೆ ಹೇಳಬೇಕೆಂದರೆ, ಸ್ಟಾಫ್ ಎಂದರೆ ಆಳೆತ್ತರ ಮೀರಿದ, ಅಂಕಿ ಬರೆದ ಅಳತೆಪಟ್ಟಿ. ಒಬ್ಬರು ದೂರದಲ್ಲಿ ನಿಂತು ಆಟೋ ಲೆವೆಲ್‌ನ ದುರ್ಬೀನಿನಲ್ಲಿ ಅಂಕಿ ಓದುತ್ತಾರೆ, ಇನ್ನೊಬ್ಬರು ಫೀಲ್ಡ್‌ಬುಕ್ಕಿನಲ್ಲಿ ಬರೆಯುತ್ತಾರೆ, ಮೂರನೆಯವರು ಬಿಸಿಲಲ್ಲಿ ಪಟ್ಟಿಯನ್ನು ನೆಟ್ಟಗೆ ಹಿಡಿದು ನಿಲ್ಲಬೇಕು. ಆ ಮೂರನೆಯವರು ನಾನು. ಒಂದು ಸುತ್ತು ಹಾಕಿ ಹೊರಟ ಜಾಗಕ್ಕೇ ವಾಪಸ್ ಬಂದಾಗ ಎತ್ತರ ಮೊದಲಿನಷ್ಟೇ ಬರಬೇಕು. ನಮಗೆ 87 ಮಿಲಿಮೀಟರ್ ವ್ಯತ್ಯಾಸ ಬಂತು. ಒಂದು ಕಿಲೋಮೀಟರ್ ಸುತ್ತಿಗೆ ಹೆಚ್ಚೆಂದರೆ 24 ಮಿಲಿಮೀಟರ್ ತಪ್ಪನ್ನು ಒಪ್ಪುತ್ತಾರೆ. ಸಂಜೆ ಐದೂವರೆ, ಬಸ್ ಹೊರಡುವ ಹೊತ್ತು. ರಬ್ಬರ್ ತಗೊಂಡು ಮೂರು ರೀಡಿಂಗ್ ಅಳಿಸಿ ಹೊಂದಿಸಿ ಬರೆದೆವು. ವ್ಯತ್ಯಾಸ 6 ಮಿಲಿಮೀಟರ್‌ಗೆ ಇಳಿಯಿತು. ಮಾರ್ಕ್ಸ್ ಚೆನ್ನಾಗಿಯೇ ಬಂತು.

ಅವತ್ತು ಪಾಪಪ್ರಜ್ಞೆ ಅಂತೇನೂ ಕಾಡಲಿಲ್ಲ, ಸುಳ್ಳು ಯಾಕೆ ಹೇಳಲಿ. ಇಂಥದ್ದಕ್ಕೆ ನಮ್ಮಲ್ಲಿ ಅಡುಗೆ ಮಾಡುವುದು ಅನ್ನುತ್ತೇವೆ, ಎಲ್ಲರೂ ಮಾಡುತ್ತಾರೆ. ಕೆಲವು ವಾರದ ಮೇಲೆ ಪರೀಕ್ಷೆಗೆಂದು ಲೈಬ್ರರಿಯಲ್ಲಿ ಹಳೆಯ ಸರ್ವೇಯಿಂಗ್ ಪುಸ್ತಕ ತೆಗೆದಾಗ ಬ್ಯಾರೋಮೀಟರ್‌ನಿಂದ ಎತ್ತರ ಅಳೆಯುವ ಅಧ್ಯಾಯ ಸಿಕ್ಕಿತು. ಸಿಲೆಬಸ್‌ನಲ್ಲಿ ಇಲ್ಲದ್ದು. ಗಾಜಿನ ಕೊಳವೆ, ಅದರಲ್ಲಿ ಪಾದರಸ. ಸಮುದ್ರದ ದಡದಲ್ಲಿ ಅದು ಸುಮಾರು 76 ಸೆಂಟಿಮೀಟರ್ ನಿಲ್ಲುತ್ತದೆ, ಬೆಟ್ಟ ಹತ್ತಿದಂತೆ ಇಳಿಯುತ್ತದೆ. ಎಷ್ಟು ಇಳಿಯಿತು ಅನ್ನುವುದರಿಂದ ಎಷ್ಟು ಹತ್ತಿದೆವು ಎಂದು ಲೆಕ್ಕ ಹಾಕಬಹುದು. ಗಾಜು ಒಡೆದರೆ, ಪಾದರಸ ಚೆಲ್ಲಿದರೆ ಕಥೆ ಮುಗಿಯಿತು. ಇಂಥದ್ದನ್ನು ಹೊತ್ತು ಸುಮಾರು ನಾಲ್ಕು ವರ್ಷ ದಕ್ಷಿಣ ಅಮೆರಿಕದ ಕಾಡು, ನದಿ, ಜ್ವಾಲಾಮುಖಿ ಸುತ್ತಿದ ಒಬ್ಬ ಜರ್ಮನ್‌ನ ಹೆಸರು ಹುಡುಕುತ್ತಾ ಹೋದಾಗ ಸಿಕ್ಕಿತು. ಅಲೆಕ್ಸಾಂಡರ್ ಫಾನ್ ಹಂಬೋಲ್ಟ್. ಪೆಂಗ್ವಿನ್ ಒಂದಕ್ಕೆ, ಸಮುದ್ರದ ಪ್ರವಾಹ ಒಂದಕ್ಕೆ ಅವನ ಹೆಸರಿದೆ ಅನ್ನುವುದಷ್ಟೇ ನನಗೆ ಕ್ವಿಜ್ ಪುಸ್ತಕದಿಂದ ಗೊತ್ತಿತ್ತು. ಅವನು ನಮ್ಮವನೇ ಅನ್ನುವುದು ಗೊತ್ತಿರಲಿಲ್ಲ. ನಮ್ಮವನು ಎಂದರೆ ಇಂಜಿನಿಯರಿಂಗ್ ಕಡೆಯವನು, ಗಣಿ ಇಲಾಖೆಯವನು.

ಹುಟ್ಟಿದ್ದು 1769ರ ಸೆಪ್ಟೆಂಬರ್ 14ರಂದು, ಬರ್ಲಿನ್‌ನಲ್ಲಿ. ಒಂಬತ್ತು ವರ್ಷದವನಿದ್ದಾಗ ಅಪ್ಪ ತೀರಿಕೊಂಡರು. ಹಣಕ್ಕೆ ಕೊರತೆ ಇರಲಿಲ್ಲ, ಅಮ್ಮ ಮನೆಪಾಠಕ್ಕೆ ಒಳ್ಳೊಳ್ಳೆಯ ಮೇಷ್ಟ್ರುಗಳನ್ನೇ ಇಟ್ಟಿದ್ದರು, ಆದರೆ ಮನೆಯಲ್ಲಿ ಸಲಿಗೆ ಕಡಿಮೆ. ಅಣ್ಣ ವಿಲ್ಹೆಲ್ಮ್ ಓದಿನಲ್ಲಿ ಮುಂದು. ಮುಂದೆ ಭಾಷಾಶಾಸ್ತ್ರಜ್ಞನಾದ, ಬರ್ಲಿನ್ ವಿಶ್ವವಿದ್ಯಾಲಯ ಕಟ್ಟಿದ. ಚಿಕ್ಕವನು ಗಿಡ, ಹುಳು, ಕಲ್ಲು ಆರಿಸುತ್ತಾ ತಿರುಗುತ್ತಿದ್ದ. ಅವನು ಸರ್ಕಾರಿ ಅಧಿಕಾರಿ ಆಗಬೇಕು ಅನ್ನುವುದು ಅಮ್ಮನ ಹಟ. ಇದು ಎಲ್ಲೋ ಕೇಳಿದ ಕಥೆ ಅನ್ನಿಸುತ್ತಿದೆಯಾ? ನನಗೂ ಅನ್ನಿಸಿತು.

ಅಮ್ಮನ ಮಾತಿಗೆ ಒಪ್ಪಿಕೊಂಡು, ತನಗೂ ಸ್ವಲ್ಪ ರುಚಿಸುವಂಥದ್ದನ್ನು ಹಂಬೋಲ್ಟ್ ಆರಿಸಿಕೊಂಡ. 1791ರಲ್ಲಿ ಫ್ರೈಬರ್ಗ್‌ನ ಗಣಿ ಅಕಾಡೆಮಿಗೆ ಸೇರಿದ. ಬೆಳಿಗ್ಗೆ ಗಣಿಯೊಳಗೆ ಇಳಿಯುವುದು, ಮಧ್ಯಾಹ್ನದ ಮೇಲೆ ತರಗತಿ, ಉಳಿದ ಹೊತ್ತಲ್ಲಿ ಕತ್ತಲಲ್ಲಿ ಬೆಳೆಯುವ ಸಸ್ಯಗಳ ಅಧ್ಯಯನ. ಅಲ್ಲಿನ ಪೂರ್ತಿ ಕೋರ್ಸನ್ನು ಎಂಟೇ ತಿಂಗಳಲ್ಲಿ ಮುಗಿಸಿದ. 22ನೇ ವಯಸ್ಸಿಗೆ ಪ್ರಷ್ಯಾದ ಗಣಿ ಇಲಾಖೆಯಲ್ಲಿ ಕೆಲಸ ಸಿಕ್ಕಿತು. ಕ್ಯಾಂಪಸ್ ಪ್ಲೇಸ್‌ಮೆಂಟ್ ಎನ್ನಬಹುದು! ನನಗೆ ಇಷ್ಟವಾದದ್ದು ಕೆಲಸ ಸಿಕ್ಕಿದ ಮೇಲೆ ಅವನು ಮಾಡಿದ್ದು. ಕಾರ್ಮಿಕರು ಗಣಿಯೊಳಗೆ ಕೆಟ್ಟ ಗಾಳಿಗೆ ಸಾಯುವುದನ್ನು ಕಂಡು ಉಸಿರಾಟದ ಮುಖವಾಡವನ್ನೂ, ಆಮ್ಲಜನಕ ಕಡಿಮೆ ಇರುವಲ್ಲೂ ಉರಿಯುವ ದೀಪವನ್ನೂ ರೂಪಿಸಿದ. ದೀಪವನ್ನು ಪರೀಕ್ಷಿಸಲು ತಾನೇ ಇಳಿದ. ದೀಪ ಉರಿಯುತ್ತಿತ್ತು, ಇವನು ಎಚ್ಚರ ತಪ್ಪಿ ಬಿದ್ದಿದ್ದ. ಹೊರಗೆಳೆದು ಉಳಿಸಿಕೊಂಡರು. ಸ್ಟೇಬೆನ್ ಎಂಬ ಊರಿನಲ್ಲಿ ಗಣಿಯವರ ಮಕ್ಕಳಿಗಾಗಿ, ಮೇಲಿನವರಿಗೆ ಹೇಳದೆ ಕೇಳದೆ, ಸ್ವಂತ ದುಡ್ಡಿನಲ್ಲಿ ಶಾಲೆಯನ್ನೂ ತೆರೆದ.

1796ರ ನವೆಂಬರ್‌ನಲ್ಲಿ ಅಮ್ಮ ಹೋದರು. ಆಸ್ತಿಯಲ್ಲಿ ದೊಡ್ಡ ಪಾಲು ಬಂತು. ಅವನು ನೌಕರಿಗೆ ರಾಜೀನಾಮೆ ಕೊಟ್ಟ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ನೌಕರಿ ಬಿಟ್ಟು ಪ್ರಪಂಚ ಸುತ್ತು ಎಂದು ಹೇಳುವ ವಿಡಿಯೊಗಳನ್ನು ನಾವು ದಿನಾ ನೋಡುತ್ತೇವೆ. ಹಂಬೋಲ್ಟ್ ಕಥೆಯನ್ನೂ ಹಾಗೆ ಹೇಳುವವರಿದ್ದಾರೆ. ಅವನ ಜೇಬಿನಲ್ಲಿ ದುಡ್ಡಿತ್ತು ಎನ್ನುವುದನ್ನು ಮರೆಯಬಾರದು. ಆದರೆ ದುಡ್ಡಿದ್ದವರೆಲ್ಲ 40ಕ್ಕೂ ಹೆಚ್ಚು ಅಳತೆ ಉಪಕರಣ ಕೊಂಡು ಹೊರಡಲಿಲ್ಲ ಅನ್ನುವುದೂ ನಿಜ. ಬ್ಯಾರೋಮೀಟರ್, ಥರ್ಮಾಮೀಟರ್, ಸೆಕ್ಸ್‌ಟೆಂಟ್, ಕ್ರೋನೋಮೀಟರ್, ಭೂಕಾಂತದ ವಾಲಿಕೆ ತೋರಿಸುವ ಸೂಜಿ, ಆಕಾಶ ಎಷ್ಟು ನೀಲಿ ಎಂದು ಅಳೆಯುವ ಸಯನೋಮೀಟರ್ ಎಲ್ಲವೂ ಅದರಲ್ಲಿದ್ದವು. ಈ ಕೊನೆಯದರ ಬಗ್ಗೆ ಓದಿ ನಗು ಬಂದಿತ್ತು. ಒಂದು ರಟ್ಟಿನ ಸುತ್ತ ತಿಳಿ ನೀಲಿಯಿಂದ ಕಡುನೀಲಿಯವರೆಗೆ ಬಣ್ಣದ ಮನೆಗಳು. ಅದನ್ನು ಆಕಾಶಕ್ಕೆ ಹಿಡಿದು ಹೋಲಿಸಬೇಕು, ಅಷ್ಟೇ.

ಹೊರಡುವುದೇ ಕಷ್ಟವಾಯಿತು. ಯುರೋಪ್ ತುಂಬ ಯುದ್ಧ. ಒಂದು ಫ್ರೆಂಚ್ ನೌಕಾಯಾನ ಮುಂದಕ್ಕೆ ಹೋಯಿತು, ಈಜಿಪ್ಟ್ ಯೋಜನೆ ಮುರಿಯಿತು. ಪ್ಯಾರಿಸ್‌ನಲ್ಲಿ ಪರಿಚಯವಾಗಿದ್ದ ಎಮೆ ಬಾನ್‌ಪ್ಲಾಂಡ್ ಎಂಬ ಸಸ್ಯಶಾಸ್ತ್ರಜ್ಞನ ಜೊತೆ ಸ್ಪೇನ್‌ಗೆ ಹೋದ. ದಾರಿಯುದ್ದಕ್ಕೂ ಅಳತೆ. 1799ರ ಮಾರ್ಚ್‌ನಲ್ಲಿ ದೊರೆ ನಾಲ್ಕನೇ ಕಾರ್ಲೋಸ್‌ನನ್ನು ಕಂಡು ಸ್ಪೇನ್‌ನ ಅಮೆರಿಕನ್ ವಸಾಹತುಗಳಲ್ಲಿ ಎಲ್ಲಿ ಬೇಕಾದರೂ ಓಡಾಡುವ ಪರವಾನಗಿ ಪಡೆದ. ಖರ್ಚೆಲ್ಲ ತನ್ನದೇ. ಜೂನ್ 5ರಂದು ಲಾ ಕೊರುನಾ ಬಂದರಿನಿಂದ ಹಡಗು ಹೊರಟಿತು. ಅದಕ್ಕೆ ಸುಮಾರು ಒಂದು ತಿಂಗಳ ಹಿಂದೆ, ಮೇ 4ರಂದು, ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಹತನಾಗಿದ್ದ. ಎರಡಕ್ಕೂ ಸಂಬಂಧವಿಲ್ಲ. ಆದರೂ ಇಸವಿಯನ್ನು ನೆನಪಿಟ್ಟುಕೊಳ್ಳಲು ನನಗೆ ಇದೇ ಕೊಕ್ಕೆ, ಮುಂದೆ ಇನ್ನೊಂದು ಕಡೆ ಇದು ಉಪಯೋಗಕ್ಕೆ ಬರುತ್ತದೆ.

ಹಡಗು ಹವಾನಾಕ್ಕೆ ಹೋಗಬೇಕಿತ್ತು. ಒಳಗೆ ಜ್ವರ ಹರಡಿದ್ದರಿಂದ ಜುಲೈ 16ರಂದು ಈಗಿನ ವೆನೆಜುವೆಲಾದ ಕುಮಾನಾದಲ್ಲಿ ಇಳಿದುಬಿಟ್ಟರು. ಮೊದಲ ದಿನಗಳಲ್ಲಿ ಇಬ್ಬರಿಗೂ ಹುಚ್ಚು ಹಿಡಿದಂತಾಗಿತ್ತಂತೆ. ಯಾವ ಗಿಡ ನೋಡಿದರೂ ಹೊಸದು. ಆದರೆ ಅವರಿದ್ದ ಮನೆಯ ಕಿಟಕಿಯಿಂದ ಚೌಕ ಕಾಣುತ್ತಿತ್ತು, ಅಲ್ಲಿ ಆಫ್ರಿಕಾದಿಂದ ತಂದ ಗುಲಾಮರನ್ನು ಮಾರುತ್ತಿದ್ದರು. ಕೊಳ್ಳುವವರು ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರು. ಇದನ್ನು ಅವನು ಸಾಯುವವರೆಗೆ ಮರೆಯಲಿಲ್ಲ. ಕ್ಯೂಬಾ ಬಗ್ಗೆ ಬರೆದ ಪುಸ್ತಕದಲ್ಲಿ ಗುಲಾಮಗಿರಿಯನ್ನು ಖಂಡಿಸಿ ಒಂದು ಅಧ್ಯಾಯವನ್ನೇ ಬರೆದ. 1856ರಲ್ಲಿ ಅಮೆರಿಕದಲ್ಲಿ ಬಂದ ಅನುವಾದದಲ್ಲಿ ಆ ಅಧ್ಯಾಯವನ್ನೇ ಬಿಟ್ಟಾಗ, 86 ದಾಟಿದ ಮುದುಕ ಪತ್ರಿಕೆಯಲ್ಲಿ ಬಹಿರಂಗವಾಗಿ ಪ್ರತಿಭಟಿಸಿದ.

ಕುಮಾನಾದಲ್ಲೇ ನವೆಂಬರ್ 4ರಂದು ಭೂಕಂಪವಾಯಿತು. ಜನ ಬೀದಿಗೆ ಓಡಿದರು. ಅವನು ಉಪಕರಣ ತೆಗೆದು ಕಾಂತಸೂಜಿಯ ವಾಲಿಕೆ ಬದಲಾಯಿತಾ ಎಂದು ನೋಡಿದ. ಒಂದು ವಾರದ ಮೇಲೆ ಸಾವಿರಾರು ಉಲ್ಕೆಗಳ ಮಳೆ. ಅದನ್ನೂ ಬರೆದಿಟ್ಟ. ಇದೇ ಲಿಯೊನಿಡ್ ಉಲ್ಕಾಪಾತ. ಮುಂದೆ 1833ರಲ್ಲಿ ಮತ್ತೆ ಸುರಿದಾಗ, ಇದು ಸುಮಾರು 33 ವರ್ಷಕ್ಕೊಮ್ಮೆ ಜೋರಾಗುತ್ತದೆ ಎಂದು ತಿಳಿಯಲು ಆ ಟಿಪ್ಪಣಿ ನೆರವಾಯಿತು. ಬರೆದಿಡುವಾಗ ಅದರ ಉಪಯೋಗ ಏನೆಂದು ಅವನಿಗೆ ಗೊತ್ತಿರಲಿಲ್ಲ.

ಕರಾಕಸ್‌ನಲ್ಲಿ ಎರಡು ತಿಂಗಳಿದ್ದು, 1800ರ ಫೆಬ್ರವರಿಯಲ್ಲಿ ವೆಲೆನ್ಸಿಯಾ ಸರೋವರಕ್ಕೆ ಬಂದರು. ಹೈಡ್ರಾಲಜಿ ಓದಿದವರಿಗೆ ಈ ಭಾಗ ಬಹಳ ಹಿಡಿಸುತ್ತದೆ. ಸರೋವರದ ನೀರು ವರ್ಷ ವರ್ಷ ಇಳಿಯುತ್ತಿತ್ತು. ಹಿಂದೆ ದ್ವೀಪವಾಗಿದ್ದವು ದಡದ ದಿಬ್ಬಗಳಾಗಿದ್ದವು. ತಳದಲ್ಲೆಲ್ಲೋ ತೂತಿದೆ, ನೀರು ಭೂಮಿಯೊಳಗೆ ಸೋರುತ್ತಿದೆ ಎಂದು ಊರವರು ನಂಬಿದ್ದರು. ಹಂಬೋಲ್ಟ್ ಅದನ್ನು ಒಪ್ಪಲಿಲ್ಲ, ತಳ್ಳಿಹಾಕುವ ಮುಂಚೆ ಲೆಕ್ಕ ಹಾಕಿದ. ಎಷ್ಟು ನೀರು ಬರುತ್ತಿದೆ, ಎಷ್ಟು ಆವಿಯಾಗುತ್ತಿದೆ? ತೂತು ಬೇಕೇ ಇರಲಿಲ್ಲ. ಸುತ್ತಲಿನ ಬೆಟ್ಟದ ಕಾಡು ಕಡಿದಿದ್ದರು, ಹೊಳೆಗಳನ್ನು ನೀಲಿ ಬೆಳೆಯ ತೋಟಗಳಿಗೆ ತಿರುಗಿಸಿಕೊಂಡಿದ್ದರು. ಮರವಿಲ್ಲದ ಇಳಿಜಾರಿನಲ್ಲಿ ಮಳೆ ನೀರು ಇಂಗದೆ ಒಮ್ಮೆಗೇ ಪ್ರವಾಹವಾಗಿ ಹರಿಯುತ್ತದೆ, ಮಣ್ಣನ್ನೂ ಕೊಚ್ಚುತ್ತದೆ, ಬೇಸಿಗೆಯಲ್ಲಿ ತೊರೆ ಬತ್ತುತ್ತದೆ ಎಂದು ವಿವರಿಸಿದ. ಮುಂದಿನ ತಲೆಮಾರು ಇದರ ಫಲ ಉಣ್ಣುತ್ತದೆ ಎಂದೂ ಬರೆದ. ಒಳಹರಿವು, ಹೊರಹರಿವು, ಆವಿ ಎಂದು ನಾವು ಪರೀಕ್ಷೆಯಲ್ಲಿ ಬರೆಯುವ ವಾಟರ್ ಬ್ಯಾಲೆನ್ಸ್ ಇದೇ ಅಲ್ಲವೇ.

ಅಲ್ಲಿಂದ ಲಾನೋಸ್ ಎಂಬ ಬಯಲು. ಕಲಬೋಸೊ ಊರಿನ ಬಳಿ ವಿದ್ಯುತ್ ಈಲ್ ಮೀನು ಹಿಡಿಯಲು ಊರವರು ಕುದುರೆಗಳನ್ನೇ ಕೆಸರಿನ ಹೊಂಡಕ್ಕೆ ಅಟ್ಟಿದರು. ಈಲ್‌ಗಳು ಮೇಲೆದ್ದು ಕುದುರೆಗಳಿಗೆ ಶಾಕ್ ಹೊಡೆದವು, ಎರಡು ಕುದುರೆ ಕೆಲವೇ ನಿಮಿಷದಲ್ಲಿ ಸತ್ತವು. ಈಲ್ ಸುಸ್ತಾದ ಮೇಲೆ ಹಿಡಿದರು. ಪಾಪ, ಆ ಕುದುರೆಗಳನ್ನು ನೆನೆದರೆ ನನಗೆ ಈ ಪ್ರಸಂಗ ಇಷ್ಟವಾಗುವುದಿಲ್ಲ. ಈಲ್ ನೀರಿನಿಂದ ಎದ್ದು ಬಂದು ಆಕ್ರಮಣ ಮಾಡುವುದಿಲ್ಲ, ಇದು ಉತ್ಪ್ರೇಕ್ಷೆ ಎಂದು ಎಷ್ಟೋ ಜನ ಅನುಮಾನಿಸಿದ್ದರು. 2016ರಲ್ಲಿ ಅಮೆರಿಕದ ಕೆನ್ನೆತ್ ಕಟಾನಿಯಾ ಎಂಬ ವಿಜ್ಞಾನಿ, ಈಲ್ ಹಾಗೆ ನೀರಿನಿಂದ ಮೇಲೆ ಜಿಗಿಯುತ್ತದೆ ಎಂದು ಪ್ರಯೋಗ ಮಾಡಿ ತೋರಿಸಿದರು.

ಒರಿನೋಕೊ ನದಿಯ ಪ್ರಯಾಣ ಸುಮಾರು 75 ದಿನ. ಮರದ ಕಾಂಡ ಕೊರೆದು ಮಾಡಿದ ಇಕ್ಕಟ್ಟಿನ ದೋಣಿಯಲ್ಲಿ ಹುಟ್ಟು ಹಾಕುವ ಸ್ಥಳೀಯರು, ಒಬ್ಬ ಪಾದ್ರಿ, ಉಪಕರಣದ ಪೆಟ್ಟಿಗೆ, ಒಣಗಿಸಿದ ಗಿಡಗಳ ಕಟ್ಟು, ಮೇಲೆ ಪಂಜರದಲ್ಲಿ ಗಿಳಿ, ಕೋತಿ. ಸೊಳ್ಳೆಗಳ ಬಗ್ಗೆ ಅವನು ಎಷ್ಟು ಬರೆದಿದ್ದಾನೆಂದರೆ ಓದುವಾಗ ನಮಗೇ ಕೈ ತುರಿಸುತ್ತದೆ. ಯಾವ ಹೊತ್ತಿಗೆ ಯಾವ ಜಾತಿಯ ಸೊಳ್ಳೆ ಪಾಳಿಗೆ ಬರುತ್ತದೆ ಎಂದೂ ಗುರುತಿಸಿದ್ದ. ಬಾನ್‌ಪ್ಲಾಂಡ್ ಗಿಡ ಒಣಗಿಸಲು ಸ್ಥಳೀಯರ ಹೊಗೆ ತುಂಬಿದ ಒಲೆಗೂಡುಗಳೊಳಗೆ ತೂರಿ ಕೂರುತ್ತಿದ್ದ, ಸೊಳ್ಳೆಗಿಂತ ಹೊಗೆ ವಾಸಿ ಎಂದು. ಒರಿನೋಕೊಗೂ ಅಮೆಜಾನ್‌ನ ಉಪನದಿ ರಿಯೊ ನೆಗ್ರೊಗೂ ನಡುವೆ ಕಸಿಕಿಯಾರೆ ಎಂಬ ಸಹಜ ಕಾಲುವೆ ಇದೆ. ಎರಡು ದೊಡ್ಡ ಜಲಾನಯನಗಳನ್ನು ನದಿಯೊಂದು ಜೋಡಿಸುವುದು ಅಸಾಧ್ಯ ಎಂದು ಯುರೋಪಿನ ನಕ್ಷೆಗಾರರು ಕೂತಲ್ಲೇ ತೀರ್ಮಾನಿಸಿದ್ದರು. ಅಲ್ಲಿನ ಜನಕ್ಕೆ ಅದು ಓಡಾಡುವ ದಾರಿ. ಹಂಬೋಲ್ಟ್ ಅದನ್ನು ಕಂಡುಹಿಡಿಯಲಿಲ್ಲ. ಅದರೊಳಗೇ ದೋಣಿ ನಡೆಸಿ, ರಾತ್ರಿ ಮೋಡ ಸರಿದಾಗಲೆಲ್ಲ ನಕ್ಷತ್ರ ನೋಡಿ ಅಕ್ಷಾಂಶ ರೇಖಾಂಶ ಗುರುತಿಸಿ, ನಕ್ಷೆಯ ಮೇಲೆ ಕೂರಿಸಿದ.

ಇದೇ ಪ್ರಯಾಣದಲ್ಲಿ ಅವನು ಮಾಡಿದ ಒಂದು ಕೆಲಸ ನನಗೆ ಸರಿಕಾಣಲಿಲ್ಲ. ಅತಾರುಯಿಪೆ ಎಂಬ ಗುಹೆಯಲ್ಲಿ ಅಳಿದುಹೋದ ಜನಾಂಗವೊಂದರ ನೂರಾರು ಅಸ್ಥಿಪಂಜರಗಳು ಬುಟ್ಟಿಗಳಲ್ಲಿದ್ದವು. ಜೊತೆಗಿದ್ದ ಸ್ಥಳೀಯರಿಗೆ ಇಷ್ಟವಿಲ್ಲದಿದ್ದರೂ ಕೆಲವನ್ನು ಎತ್ತಿಕೊಂಡು ಬಂದ. ಗುಲಾಮರ ಸಂತೆಯನ್ನು ಕಂಡು ಮರುಗಿದವನೇ ಸತ್ತವರ ಮೂಳೆಗಳನ್ನು ಸ್ಯಾಂಪಲ್ ಎಂದುಕೊಂಡ. ಅವನ ಅಭಿಮಾನಿಗಳು ಇದನ್ನು ಬೇಗ ದಾಟಿಹೋಗುತ್ತಾರೆ. ಆ ಪ್ರದೇಶದಲ್ಲೇ ಕೇಳಿದ ಇನ್ನೊಂದು ಸಂಗತಿಯನ್ನೂ ಅವನೇ ಬರೆದಿದ್ದಾನೆ. ಮೈಪುರೆಸ್‌ನಲ್ಲಿ ಒಂದು ಮುದಿ ಗಿಳಿ ಇತ್ತು. ಅದು ಮಾತಾಡುವುದು ಯಾರಿಗೂ ತಿಳಿಯದು, ಯಾಕೆಂದರೆ ಅದು ಅಳಿದುಹೋದ ಅತುರೆ ಜನರ ಭಾಷೆ ಎಂದು ಊರವರು ಹೇಳಿದರಂತೆ.

ಪ್ರಯಾಣದ ಕೊನೆಗೆ ಇಬ್ಬರಿಗೂ ಜ್ವರ, ಬಾನ್‌ಪ್ಲಾಂಡ್ ಸಾವಿನ ಬಾಗಿಲಿಗೆ ಹೋಗಿ ಬಂದ. ಆಮೇಲೆ ಕ್ಯೂಬಾ. 1801ರಲ್ಲಿ ಮತ್ತೆ ದಕ್ಷಿಣ ಅಮೆರಿಕಕ್ಕೆ, ಕೊಲಂಬಿಯಾದ ಕಾರ್ತಹೇನಾಗೆ. ಲಿಮಾಕ್ಕೆ ಸಮುದ್ರದ ದಾರಿ ಸುಲಭವಿತ್ತು. ಆದರೆ ಬೊಗೊಟಾದಲ್ಲಿ ಹೋಸೆ ಸೆಲೆಸ್ಟೀನೊ ಮೂಟಿಸ್ ಎಂಬ ವಯಸ್ಸಾದ ಸಸ್ಯಶಾಸ್ತ್ರಜ್ಞರಿದ್ದರು, ಅವರ ಗಿಡಗಳ ಸಂಗ್ರಹ ಮತ್ತು ಪುಸ್ತಕ ಭಂಡಾರ ಬಹಳ ದೊಡ್ಡದು. ಅವರನ್ನು ಕಾಣಲೆಂದೇ ಮಗ್ದಲೇನಾ ನದಿಯಲ್ಲಿ ಪ್ರವಾಹದ ಎದುರು ವಾರಗಟ್ಟಲೆ ದೋಣಿಯಲ್ಲಿ ಹೋಗಿ, ಸುಮಾರು 2,600 ಮೀಟರ್ ಎತ್ತರದ ಬೊಗೊಟಾ ಹತ್ತಿದರು. ದಾರಿಯುದ್ದಕ್ಕೂ ಬ್ಯಾರೋಮೀಟರ್ ರೀಡಿಂಗ್. ಪಾದರಸ ಎಷ್ಟಿದ್ದಾಗ ಯಾವ ಗಿಡ ಶುರುವಾಯಿತು, ಯಾವುದು ನಿಂತಿತು ಎಂದು ಒಂದರ ಪಕ್ಕ ಒಂದು ಬರೆದುಕೊಳ್ಳುತ್ತಾ ಹೋದ. ಬೇರೆಯವರು ಗಿಡ ಕಿತ್ತು ಹೆಸರಿಟ್ಟು ಸುಮ್ಮನಾಗುತ್ತಿದ್ದರು. ಇವನಿಗೆ ಅದು ಎಷ್ಟು ಎತ್ತರದಲ್ಲಿ, ಎಷ್ಟು ಸೆಕೆಯಲ್ಲಿ, ಯಾವ ಕಲ್ಲಿನ ಮೇಲೆ, ಯಾರ ಪಕ್ಕ ಬೆಳೆದಿತ್ತು ಅನ್ನುವುದೂ ಬೇಕಿತ್ತು. ಅವನ ಮುಖ್ಯ ಕೊಡುಗೆ ಏನು ಎಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಬೊಗೊಟಾದಿಂದ ಕ್ವಿಟೊಗೆ ಕಿಂದಿಯೊ ಕಣಿವೆ ಹಾದು ಹೋಗಬೇಕು. ಅಲ್ಲಿ ಹಣವಂತರು ಕೂಲಿಯಾಳುಗಳ ಬೆನ್ನಿಗೆ ಕಟ್ಟಿದ ಕುರ್ಚಿಯಲ್ಲಿ ಕೂತು ಹೋಗುತ್ತಿದ್ದರು. ಹಂಬೋಲ್ಟ್ ಮತ್ತು ಬಾನ್‌ಪ್ಲಾಂಡ್ ಮನುಷ್ಯರ ಮೇಲೆ ಕೂರಲು ಒಪ್ಪದೆ ನಡೆದರು. ಮುಳ್ಳು ಬಿದಿರಿಗೆ ಬೂಟು ಹರಿದು ಬರಿಗಾಲಾದರು. ಆದರೂ ಅವರ ಪೆಟ್ಟಿಗೆಗಳನ್ನು ಯಾರೋ ಹೊರುತ್ತಲೇ ಇದ್ದರಲ್ಲ. ಬ್ಯಾರೋಮೀಟರ್ ಹೊರುವುದಕ್ಕೆಂದೇ ಒಬ್ಬನಿದ್ದ, ಕುಮಾನಾದಲ್ಲಿ ಸೇರಿಕೊಂಡ ಹೋಸೆ ಎಂಬ ಆಳು. ಮೂಲೆಯಲ್ಲಿ ನಿಂತು ಸ್ಟಾಫ್ ಹಿಡಿದ ಅನುಭವ ಇರುವುದರಿಂದಲೋ ಏನೋ, ಹಂಬೋಲ್ಟ್ ಬಗ್ಗೆ ಏನು ಓದಿದರೂ ನನ್ನ ಕಣ್ಣು ಈ ಹೋಸೆಯನ್ನೇ ಹುಡುಕುತ್ತದೆ. ಅವನು ಎಡವಲಿಲ್ಲ ಅನ್ನುವುದರ ಮೇಲೆ ಆ ಅಂಕಿಗಳೆಲ್ಲ ನಿಂತಿವೆ.

1802ರ ಜನವರಿಯಲ್ಲಿ ಕ್ವಿಟೊ. ಐದು ವರ್ಷದ ಹಿಂದಿನ ಭೂಕಂಪದ ಗಾಯ ಆ ಸೀಮೆಯಲ್ಲಿ ಇನ್ನೂ ಆರಿರಲಿಲ್ಲ. ಸುತ್ತ ಜ್ವಾಲಾಮುಖಿಗಳ ಸಾಲು. ಪಿಚಿಂಚಾ, ಕೊಟೊಪಾಕ್ಸಿ, ಆಂಟಿಸಾನ ಎಂದು ಒಂದೊಂದನ್ನೇ ಹತ್ತಲು ಹೋದ. ಅಲ್ಲೇ ಕಾರ್ಲೋಸ್ ಮೊಂಟೂಫಾರ್ ಎಂಬ ತರುಣ ಜೊತೆಯಾದ. ಕೊನೆಗೆ ಚಿಂಬೊರಾಸೊ. ಅದರ ಎತ್ತರ ಈಗಿನ ಲೆಕ್ಕದಲ್ಲಿ 6,263 ಮೀಟರ್. ಆಗ ಜಗತ್ತಿನಲ್ಲೇ ಅತಿ ಎತ್ತರದ ಪರ್ವತ ಎಂದು ಯುರೋಪಿನವರು ತಿಳಿದಿದ್ದರು.

1802ರ ಜೂನ್ 23. ಹಿಮ ಶುರುವಾಗುತ್ತಿದ್ದಂತೆ ಹೆಚ್ಚಿನ ಮಾರ್ಗದರ್ಶಿಗಳು ವಾಪಸಾದರು. ಹಂಬೋಲ್ಟ್, ಬಾನ್‌ಪ್ಲಾಂಡ್, ಮೊಂಟೂಫಾರ್ ಮತ್ತು ಹತ್ತಿರದ ಹಳ್ಳಿಯ ಒಬ್ಬ ಉಳಿದರು. ದಾರಿ ಎಂದರೆ ಒಂದು ಕಲ್ಲಿನ ಏಣು, ಕೆಲವು ಕಡೆ ಒಂದು ಗೇಣು ಅಗಲ. ಒಂದು ಪಕ್ಕ ಹಿಮದ ಜಾರು, ಇನ್ನೊಂದು ಪಕ್ಕ ಪ್ರಪಾತ. ನಾಲ್ಕು ಕಾಲಿನಲ್ಲಿ ತೆವಳಿದರು. ಕೈ ಕೊಯ್ದು ರಕ್ತ. ವಾಂತಿ ಬರುವಂತೆ ಸಂಕಟ, ಕಣ್ಣು ಕೆಂಪಗೆ, ಒಸಡಿನಿಂದಲೂ ರಕ್ತ. ಆಗ ಅದಕ್ಕೆ ಕಾರಣ ಸರಿಯಾಗಿ ಯಾರಿಗೂ ಗೊತ್ತಿರಲಿಲ್ಲ. ಇಷ್ಟರ ನಡುವೆಯೂ ಒಂದಷ್ಟು ದೂರಕ್ಕೊಮ್ಮೆ ನಿಂತು, ಮರಗಟ್ಟಿದ ಬೆರಳಿನಿಂದ ಬ್ಯಾರೋಮೀಟರ್ ನಿಲ್ಲಿಸಿ ಓದುತ್ತಿದ್ದ. ಮಂಜು ಒಮ್ಮೆ ಸರಿದಾಗ ಶಿಖರ ತಲೆಯ ಮೇಲೆಯೇ ಇದ್ದಂತೆ ಕಂಡಿತು. ಇನ್ನು ಕೆಲವೇ ನೂರು ಮೀಟರ್. ಮುಂದೆ ನೋಡಿದರೆ ದಾಟಲಾಗದ ಆಳದ ಕಂದಕ. ಪಕ್ಕದಲ್ಲಿ ಸುತ್ತಿಬರುವಷ್ಟು ಗಟ್ಟಿ ಹಿಮವಿಲ್ಲ, ಕಾಲಿಟ್ಟರೆ ಹೂತುಹೋಗುತ್ತದೆ.

ಅಲ್ಲಿ ಕೊನೆಯ ರೀಡಿಂಗ್ ತೆಗೆದುಕೊಂಡ. ಪಾದರಸ ಸಮುದ್ರ ಮಟ್ಟದಲ್ಲಿ ನಿಲ್ಲುವುದರ ಅರ್ಧಕ್ಕೆ ಇಳಿದಿತ್ತು. ಲೆಕ್ಕ ಹಾಕಿದರೆ 5,900 ಮೀಟರ್‌ಗೆ ಸ್ವಲ್ಪ ಕಮ್ಮಿ. ತಿರುಗಿ ಇಳಿದ. ಶಿಖರ ಮುಟ್ಟಿದೆ ಎಂದು ಅವನು ಬರೆದಿದ್ದರೆ ಪ್ರಶ್ನಿಸುವವರು ಯಾರು? 1880ರಲ್ಲಿ ಎಡ್ವರ್ಡ್ ವಿಂಪರ್ ತಂಡ ಹೋಗುವವರೆಗೆ ಅಲ್ಲಿ ಯಾರೂ ಮೇಲೆ ಹೋಗಿರಲಿಲ್ಲ. 87ನ್ನು 6 ಮಾಡಿದ ನಮ್ಮ ಬ್ಯಾಚ್ ಆ ಕಂದಕದ ಎದುರು ನಿಂತಿದ್ದರೆ ಏನು ಬರೆಯುತ್ತಿತ್ತು ಎಂದು ಯೋಚಿಸಿದ್ದು ಆಗಲೇ. ಅಂದ ಹಾಗೆ, ಅಷ್ಟು ಎತ್ತರಕ್ಕೆ ಹೋದ ಮೊದಲಿಗರು ತಾವೇ ಎಂದು ಅವರು ನಂಬಿದ್ದರು, ಯುರೋಪೂ ನಂಬಿತು. ಅದಕ್ಕೂ ಸುಮಾರು 300 ವರ್ಷ ಮೊದಲೇ ಇಂಕಾ ಜನ ಲುಲ್ಯಾಯ್ಲ್ಯಾಕೊ ಪರ್ವತದ 6,700 ಮೀಟರ್ ಎತ್ತರದಲ್ಲಿ ಪೂಜೆ ಮಾಡಿ ಬಂದಿದ್ದರೆಂದು 1999ರಲ್ಲಿ ಸಿಕ್ಕ ಮಮ್ಮಿಗಳಿಂದ ಗೊತ್ತಾಯಿತು.

ಈಗ ಶ್ರೀರಂಗಪಟ್ಟಣದ ಕೊಕ್ಕೆಗೆ ಬರುತ್ತೇನೆ. ಟಿಪ್ಪುವಿನ ವಿರುದ್ಧದ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಬ್ರಿಟಿಷ್ ಅಧಿಕಾರಿ, ಗೆದ್ದ ನಾಡನ್ನು ನಿಖರವಾಗಿ ಅಳೆಯಬೇಕೆಂದು ಹೊರಟ. ಮದ್ರಾಸಿನಲ್ಲಿ ಅವನು ಬೇಸ್‌ಲೈನ್ ಅಳೆಯಲು ಶುರುಮಾಡಿದ್ದು 1802ರ ಏಪ್ರಿಲ್ 10ರಂದು, ಅಂದರೆ ಚಿಂಬೊರಾಸೊ ಹತ್ತುವುದಕ್ಕೆ ಎರಡು ತಿಂಗಳು ಮೊದಲು. 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ಬೇಸ್‌ಲೈನ್ ಅಳೆದ. ನಾವು ಸರ್ವೇಯಿಂಗ್‌ನಲ್ಲಿ ಓದುವ ಗ್ರೇಟ್ ಟ್ರಿಗನಾಮೆಟ್ರಿಕಲ್ ಸರ್ವೆ ಇದೇ. ಬ್ರಿಟಿಷ್ ಸರ್ವೇಯರ್‌ಗಳು ಹಿಮಾಲಯದ ಶಿಖರಗಳನ್ನು ದೂರದಿಂದ ಅಳೆದಾಗ, ಕೆಲವೇ ವರ್ಷದಲ್ಲಿ ಚಿಂಬೊರಾಸೊಗೆ ಇದ್ದ ಪಟ್ಟ ಹೋಯಿತು. (ಭೂಮಿ ನಡುವಿನಲ್ಲಿ ಉಬ್ಬಿರುವುದರಿಂದ ಭೂಕೇಂದ್ರದಿಂದ ಲೆಕ್ಕ ಹಾಕಿದರೆ ಚಿಂಬೊರಾಸೊ ತುದಿಯೇ ಎವರೆಸ್ಟ್‌ಗಿಂತ ದೂರ. ಸಮುದ್ರ ಮಟ್ಟದಿಂದ ಎಂದು ಯಾಕೆ ಹೇಳಬೇಕು ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.) ಆ ಸುದ್ದಿ ಕೇಳಿದ ಹಂಬೋಲ್ಟ್‌ಗೆ ಭಾರತಕ್ಕೆ ಬರುವ ಆಸೆ ಕೆರಳಿತು. ಲಂಡನ್‌ಗೆ ಹೋಗಿ ಮತ್ತೆ ಮತ್ತೆ ಪ್ರಯತ್ನಿಸಿದ. ಈಸ್ಟ್ ಇಂಡಿಯಾ ಕಂಪನಿ ಪರವಾನಗಿ ಕೊಡಲೇ ಇಲ್ಲ. ಸ್ಪೇನ್‌ನ ವಸಾಹತುಗಳಲ್ಲಿ ಕಂಡ ಅನ್ಯಾಯವನ್ನು ಅಷ್ಟು ಖಾರವಾಗಿ ಬರೆದವನನ್ನು ತಮ್ಮ ವಸಾಹತಿಗೆ ಬಿಟ್ಟುಕೊಳ್ಳಲು ಕಂಪನಿ ಹೆದರಿತು ಎಂದು ಅವನ ಜೀವನ ಬರೆದವರು ಊಹಿಸುತ್ತಾರೆ.

ಚಿಂಬೊರಾಸೊ ಇಳಿದು ದಕ್ಷಿಣಕ್ಕೆ ಹೋಗುವಾಗ 4,000 ಮೀಟರ್ ಎತ್ತರದಲ್ಲಿ ಇಂಕಾಗಳ ಕಲ್ಲುರಸ್ತೆ ಕಂಡು ಬೆರಗಾದ, ರೋಮನ್ನರ ರಸ್ತೆಗಳಿಗೆ ಹೋಲಿಸಿದ. ಪೆರುವಿನ ಕಹಮಾರ್ಕ ಬಳಿ ಕಾಂತಸೂಜಿ ಯಾವ ಕಡೆಗೂ ವಾಲದ ಜಾಗ, ಅಂದರೆ ಕಾಂತೀಯ ಸಮಭಾಜಕ, ಅಳತೆಗೆ ಸಿಕ್ಕಿತು. ಅಲ್ಲೇ ಇಂಕಾ ವಂಶದ ಹದಿನೇಳು ವರ್ಷದ ಹುಡುಗನೊಬ್ಬ ಪಾಳು ಅರಮನೆ ತೋರಿಸುತ್ತಾ, ಕಾಲಡಿಯ ನೆಲದಲ್ಲಿ ಬಂಗಾರದ ತೋಟವಿದೆ ಎಂದು ವಿವರಿಸಿದ. ಇಷ್ಟು ಬಡತನದಲ್ಲಿ ಅಗೆದು ನೋಡಲಿಲ್ಲವೇಕೆ ಎಂದು ಕೇಳಿದರೆ, ಅದು ಪಾಪ, ನಮಗೆ ಹೊಲವಿದೆ, ಸಾಕು ಎಂಬರ್ಥದಲ್ಲಿ ಉತ್ತರಿಸಿದನಂತೆ. ಲಿಮಾ ಅವನಿಗೆ ಹಿಡಿಸಲಿಲ್ಲ. ಆದರೆ 1802ರ ನವೆಂಬರ್ 9ರಂದು ಬುಧ ಗ್ರಹ ಸೂರ್ಯನ ಮುಂದೆ ಹಾಯುವುದನ್ನು ಪಕ್ಕದ ಕಯಾವೊ ಬಂದರಿನಿಂದ ನೋಡಿ, ಆ ಊರಿನ ರೇಖಾಂಶ ನಿಖರವಾಗಿ ಗೊತ್ತುಮಾಡಿದ. ಕರಾವಳಿಯ ಸಮುದ್ರದ ನೀರು ಅಷ್ಟು ತಣ್ಣಗಿರುವುದನ್ನು ಅಳೆದ. ಆ ಪ್ರವಾಹಕ್ಕೆ ಮುಂದೆ ಅವನ ಹೆಸರಿಟ್ಟಾಗ ಒಪ್ಪಲಿಲ್ಲ. ಮೀನುಗಾರರಿಗೆ ನೂರಾರು ವರ್ಷದಿಂದ ಗೊತ್ತಿದ್ದದ್ದು, ತಾನು ಥರ್ಮಾಮೀಟರ್ ಇಟ್ಟೆ ಅಷ್ಟೇ ಅನ್ನುವುದು ಅವನ ವಾದ.

ಆಮೇಲೆ ಮೆಕ್ಸಿಕೊ, ಅಮೆರಿಕದ ಅಧ್ಯಕ್ಷ ಜೆಫರ್ಸನ್ ಭೇಟಿ, 1804ರ ಆಗಸ್ಟ್‌ನಲ್ಲಿ ಫ್ರಾನ್ಸ್. ಸುಮಾರು 6,000 ಜಾತಿಯ ಗಿಡಗಳ ಮಾದರಿ ತಂದಿದ್ದರು. ಅದನ್ನೆಲ್ಲ ಸಂಪುಟಗಳಾಗಿ ಅಚ್ಚು ಹಾಕಿಸುವುದರಲ್ಲಿ ದಶಕಗಳು ಕಳೆದವು, ಅಪ್ಪ ಅಮ್ಮನ ಆಸ್ತಿ ಪೂರ್ತಿ ಕರಗಿತು. ಪ್ರಷ್ಯಾದ ದೊರೆಯ ಆಸ್ಥಾನದ ಸಂಬಳಕ್ಕೆ ಬರ್ಲಿನ್‌ಗೆ ಮರಳಬೇಕಾಯಿತು. ಅಲ್ಲಿ 1827-28ರಲ್ಲಿ ಕೊಟ್ಟ ಉಪನ್ಯಾಸಗಳಿಗೆ ಟಿಕೆಟ್ ಇರಲಿಲ್ಲ. ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ್ದ ಹೆಂಗಸರೂ ಬಂದು ಕೂತರು. ಬಾನ್‌ಪ್ಲಾಂಡ್ ದಕ್ಷಿಣ ಅಮೆರಿಕಕ್ಕೇ ವಾಪಸ್ ಹೋಗಿ, ಪರಾಗ್ವೆಯ ಸರ್ವಾಧಿಕಾರಿಯ ಸೆರೆಯಲ್ಲಿ ವರ್ಷಗಟ್ಟಲೆ ಇದ್ದು, ಅಲ್ಲೇ ಅರ್ಜೆಂಟೀನಾದಲ್ಲಿ 1858ರಲ್ಲಿ ತೀರಿಕೊಂಡ. ಹಂಬೋಲ್ಟ್ ಸತ್ತದ್ದು 1859ರ ಮೇ 6ರಂದು, 89ನೇ ವಯಸ್ಸಿನಲ್ಲಿ, 'ಕಾಸ್ಮೊಸ್' ಪುಸ್ತಕದ ಐದನೇ ಸಂಪುಟದ ಕೆಲಸ ನಡೆದಿರುವಾಗಲೇ.

ಇಷ್ಟಕ್ಕೇ ಬರಹ ನಿಲ್ಲಿಸಿದ್ದರೆ ಅವನನ್ನು ಹೊಗಳಿ ಮುಗಿಸುತ್ತಿದ್ದೆ. ಆದರೆ ಚಿಂಬೊರಾಸೊದ ಚಿತ್ರದ ವಿಷಯ ಬಾಕಿಯಿದೆ. ಕೈಗೆ ಬಂದ ಅಳತೆಗಳನ್ನೆಲ್ಲ ಅವನು ಒಂದೇ ಹಾಳೆಯಲ್ಲಿ ಚಿತ್ರಿಸಿದ. ಪರ್ವತವನ್ನು ಸೀಳಿದಂತೆ ತೋರಿಸಿ ಯಾವ ಎತ್ತರದಲ್ಲಿ ಯಾವ ಗಿಡ ಎಂದು ಹೆಸರು ಬರೆದು, ಎರಡೂ ಪಕ್ಕ ಉಷ್ಣತೆ, ಗಾಳಿಯ ಒತ್ತಡ, ಆಕಾಶದ ನೀಲಿಯ ಅಂಕಿಗಳ ಕಾಲಂ. 1807ರಲ್ಲಿ ಅಚ್ಚಾದ ಈ ಚಿತ್ರವನ್ನು ನಮ್ಮ ಇನ್ಫೋಗ್ರಾಫಿಕ್‌ಗಳ ಅಜ್ಜ ಎನ್ನಬಹುದು. 2015ರಲ್ಲಿ ಕೆಲವು ವಿಜ್ಞಾನಿಗಳು ಚಿಂಬೊರಾಸೊಗೆ ಹೋಗಿ, ಈಗಿನ ಗಿಡಗಳನ್ನು ಆ ಚಿತ್ರಕ್ಕೆ ಹೋಲಿಸಿ, ಬಿಸಿಯೇರುವಿಕೆಯಿಂದ ಸಸ್ಯಗಳು 500 ಮೀಟರ್‌ಗೂ ಹೆಚ್ಚು ಮೇಲಕ್ಕೆ ಸರಿದಿವೆ ಎಂದು ಪ್ರಕಟಿಸಿದರು. ದೊಡ್ಡ ಸುದ್ದಿಯಾಯಿತು. ನಾಲ್ಕು ವರ್ಷದ ಮೇಲೆ, 2019ರಲ್ಲಿ, ಇನ್ನೊಂದು ತಂಡ ಅವರಿಬ್ಬರ ಟಿಪ್ಪಣಿ ಮತ್ತು ಒಣಗಿಸಿದ ಗಿಡಗಳ ದಾಖಲೆ ತೆಗೆದು ನೋಡಿತು. ಚಿತ್ರದಲ್ಲಿ ಚಿಂಬೊರಾಸೊ ಮೇಲೆ ಬರೆದ ಎತ್ತರದ ಗಿಡಗಳಲ್ಲಿ ಹೆಚ್ಚಿನವು ಸಿಕ್ಕಿದ್ದು ಅಲ್ಲಲ್ಲ, ಆಂಟಿಸಾನ ಪರ್ವತದಲ್ಲಿ! ಹಂಬೋಲ್ಟ್ ಎಲ್ಲವನ್ನೂ ಒಂದೇ ಪರ್ವತಕ್ಕೆ ಹೊಂದಿಸಿದ್ದ. ಸರಿಯಾದ ಜಾಗದಲ್ಲಿ ಲೆಕ್ಕ ಮಾಡಿದರೆ ಗಿಡಗಳು ಮೇಲೆ ಸರಿದಿರುವುದು ನಿಜ, ಆದರೆ 200ರಿಂದ 300 ಮೀಟರ್‌ನ ನಡುವೆ.

ಹಾಗಾದರೆ ಅವನೂ ಅಡುಗೆ ಮಾಡಿದನೇ? ಇದನ್ನು ಓದಿದ ದಿನ ನನಗೆ ಸ್ವಲ್ಪ ಖುಷಿಯೇ ಆಯಿತು, ಮರುದಿನ ಇರಲಿಲ್ಲ. ಅವನದು ಉಷ್ಣವಲಯದ ಬೆಟ್ಟಗಳೆಲ್ಲ ಹೇಗಿರುತ್ತವೆ ಎಂದು ತೋರಿಸುವ ಚಿತ್ರ, ಒಂದೇ ಬೆಟ್ಟದ ರೀಡಿಂಗ್ ಪಟ್ಟಿಯಲ್ಲ. ತಾನೇ ಅದನ್ನು ಮುಂದಿನ ಆವೃತ್ತಿಗಳಲ್ಲಿ ತಿದ್ದಿದ ಕೂಡ. ಮುಖ್ಯವಾಗಿ, ಯಾವ ಗಿಡ ಎಲ್ಲಿ ಸಿಕ್ಕಿತು ಅನ್ನುವ ಮೂಲ ಟಿಪ್ಪಣಿಗಳು ಉಳಿದಿದ್ದವು. ಅವು ಇದ್ದದ್ದರಿಂದಲೇ 217 ವರ್ಷದ ಮೇಲೆ ತಪ್ಪು ಹಿಡಿಯಲು ಸಾಧ್ಯವಾಯಿತು. ನಮ್ಮ ಆ ಮೂರು ರೀಡಿಂಗ್‌ಗಳು ಯಾವುವು ಎಂದು ಈಗ ನಮಗೇ ಗೊತ್ತಿಲ್ಲ. ಎಡವಟ್ಟಾಗಿದ್ದು ಯಂತ್ರದಲ್ಲೋ, ಓದುವುದರಲ್ಲೋ, ನಾನು ಸ್ಟಾಫ್ ಓರೆ ಹಿಡಿದಿದ್ದೆನೋ, ಅದನ್ನೂ ಇನ್ನು ಹೇಳಲಾಗದು. ತಪ್ಪಾದರೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಬರೆಯಬೇಕು, ಅಳಿಸಬಾರದು ಎಂಬ ನಿಯಮವನ್ನು ಮೊದಲ ಪ್ರಾಕ್ಟಿಕಲ್‌ನಲ್ಲೇ ನಮಗೆ ಹೇಳಿಕೊಟ್ಟಿದ್ದರು.

ಹಂಬೋಲ್ಟ್‌ನ ಅಮೆರಿಕ ಪ್ರವಾಸದ ದಿನಚರಿಗಳನ್ನು 2013ರಲ್ಲಿ ಬರ್ಲಿನ್‌ನ ಗ್ರಂಥಾಲಯಕ್ಕಾಗಿ ಸುಮಾರು 1.2 ಕೋಟಿ ಯೂರೋ ಕೊಟ್ಟು ಕೊಂಡರು. ಸುಮಾರು 4,000 ಪುಟ, ಎಲ್ಲವೂ ಸ್ಕ್ಯಾನ್ ಆಗಿವೆ, ಯಾರು ಬೇಕಾದರೂ ನೋಡಬಹುದು. ಭಾಷೆ ನನಗೆ ಓದಲು ಬರುವುದಿಲ್ಲ. ಸಾಲುಗಳು ಓರೆಯಾಗಿ ಮೇಲಕ್ಕೆ ಏರುತ್ತವೆ. ಅಂಚಿನಲ್ಲೆಲ್ಲ ಆಮೇಲೆ ಸೇರಿಸಿದ ಟಿಪ್ಪಣಿ. ಅಂಕಿಗಳು ಮಾತ್ರ ಯಾರಿಗೂ ಅರ್ಥವಾಗುವಂಥವು. ಅಡ್ಡಗೆರೆ ಬಿದ್ದಲ್ಲಿ, ಗೆರೆಯ ಕೆಳಗಿನದ್ದನ್ನೂ ಓದಬಹುದು.